ಬೇಲಿಯಲ್ಲಿ ಹುಟ್ಟಿದ ಎಡ್ವರ್ಡ್

ಬೆಳಗಾವಿಯ ಖಾನಾಪುರ ರಸ್ತೆಯ ಪಾನ್ ಅಂಗಡಿಯವ ಎಲೆಗೆ ಗುಲ್ಕನ್ ಸವರುವಾಗ ಇಡೀ ಪಕಳೆಯೊಂದು ಸಕ್ಕರೆಯಲ್ಲಿ ಕರಗದೆ ಉಳಿದಿತ್ತು. ಅದರ ಘಮ ಮೂಗಿಗೆ ಬಡಿದದ್ದೇ ತಡ, ದೇಸೂರಿನಲ್ಲಿರುವ ನಮ್ಮ ವೈನಿಯ ಹಿತ್ತಲು ನೆನಪಾಯಿತು.

ದೇಸೂರಿನ ನೆಲ ಗೊತ್ತಲ್ಲ. ತಗ್ಗಿನ ಗದ್ದೆಯಲ್ಲಿ ಭತ್ತ ಒಲಿಯುತ್ತದೆ, ಸರಿ. ದಿನ್ನೆಯ ಮೇಲಿನ ಹಿತ್ತಲುಗಳದು ಬೇರೆ ಕಥೆ. ಆಷಾಢ, ಶ್ರಾವಣದಲ್ಲಿ ಸುರಿದದ್ದನ್ನೆಲ್ಲ ಕೆಳಕ್ಕೆ ಬಿಟ್ಟುಕೊಟ್ಟು, ಹೋಳಿ ಹುಣ್ಣಿಮೆ ದಾಟುವಷ್ಟರಲ್ಲಿ ಕಾದ ಹೆಂಚಾಗುವ ಕೆಂಪು ಜಂಬಿಟ್ಟಿಗೆ ಮಣ್ಣು. ಅದರಲ್ಲೇ ಗುಲಾಬಿ ಹಚ್ಚಬೇಕೆಂದು ವೈನಿ ಹಟ ಹಿಡಿದರು. ಕೈಗಾಡಿಯವನೊಡನೆ ಚೌಕಾಸಿ ಮಾಡಿ ಹಳದಿ ಹೂವಿನ ಕಸಿ ಗಿಡ ತಂದದ್ದಾಯಿತು. ಅಣ್ಣ ಹಾರಿ ಹಾಕಿದರೆ ನೆಲ ಠಣ್ ಎನ್ನುತ್ತಿತ್ತು. ತಗ್ಗು ತೆಗೆದು, ನೀರು ಹಿಡಿದಿಡಲೆಂದು ಬೈಲಹೊಂಗಲ ಕಡೆಯಿಂದ ತರಿಸಿದ ಎರಿ ಮಣ್ಣು, ತಿಪ್ಪೆ ಗೊಬ್ಬರ, ಒರಲಿ ಹತ್ತದಿರಲೆಂದು ಬೇವಿನ ಹಿಂಡಿ ತುಂಬಿದರು. "ನಮ್ಮ ಬೀಗರಿಗೂ ಇಷ್ಟು ಉಪಚಾರ ಆಗಿದ್ದಿಲ್ಲ" ಅಂದ ಅಣ್ಣ.

ಹಳದಿ ಗುಲಾಬಿ ಒಂದು ಹಂಗಾಮು ಮೆರೆದು, ಚೈತ್ರದ ಬಿಸಿಲಿಗೆ ಕಡ್ಡಿಯಾಯಿತು. ಕಿತ್ತೊಗೆಯಲು ಹೋದರೆ ವೈನಿ ಬಿಡಲಿಲ್ಲ. "ಬುಡದಾಗ ಜೀವ ಐತಿ ತಮ್ಮಾ, ಇರ್ಲಿ ಬಿಡು." ಮಳೆ ಬಿದ್ದ ಮೇಲೆ ಕಸಿಯ ಗಂಟಿನ ಕೆಳಗಿನಿಂದ ಬೇರೆಯದೇ ಎಲೆಯ ಚಿಗುರು ಎದ್ದಿತು. ಇಂಥ ಚಿಗುರನ್ನು ಕಂಡಲ್ಲೇ ಚಿವುಟಿ ಎಂದು ತೋಟಗಾರಿಕೆ ಪುಸ್ತಕಗಳು ಹೇಳುತ್ತವೆ. ವೈನಿ ಪುಸ್ತಕ ಓದುವವರಲ್ಲ. ದೀಪಾವಳಿ ಹೊತ್ತಿಗೆ ಗೊಂಚಲು ಗೊಂಚಲಾಗಿ ಕಡು ಗುಲಾಬಿ ಬಣ್ಣದ ಹೂವು, ಹಿತ್ತಲು ತುಂಬ ಘಮ. ಎಡ್ವರ್ಡ್!

ಬೆಳಗಾವಿ ಕ್ಯಾಂಪಿನ ಬಂಗಲೆಗಳನ್ನು ನೋಡಿ ಬೆಳೆದವರಿಗೆ ಇದು ಬ್ರಿಟಿಷ್ ರಾಜನ ಹೆಸರೆನಿಸಬಹುದು. ಆದರೆ ಇವನ ತವರು ಫ್ರೆಂಚರ ದ್ವೀಪ. ಹಿಂದೂ ಮಹಾಸಾಗರದಲ್ಲಿ ಮಾರಿಷಸ್ಸಿನ ನೆರೆಯ ಬೂರ್ಬೋಂ, ಈಗಿನ ರಿಯೂನಿಯನ್. ಅಲ್ಲಿಯ ಜನ ಜಮೀನಿನ ಸುತ್ತ ಬೇಲಿಗೆಂದು ಎರಡು ಜಾತಿಯ ಗುಲಾಬಿ ಹಚ್ಚುತ್ತಿದ್ದರು: ಮತ್ತೆ ಮತ್ತೆ ಹೂಬಿಡುವ ಚೀನಾದ್ದು, ಪರಿಮಳದ ಡಮಾಸ್ಕ್. ಯಾವ ತೋಟಗಾರನ ಅಪ್ಪಣೆಯನ್ನೂ ಕೇಳದೆ ಅವೆರಡೂ ಕೂಡಿ, ಬೇಲಿಯಲ್ಲೇ ಒಂದು ಸಸಿ ಹುಟ್ಟಿತು. 1817ರಲ್ಲಿ ದ್ವೀಪಕ್ಕೆ ಬಂದ ಸಸ್ಯಶಾಸ್ತ್ರಜ್ಞ ಬ್ರೆಯೋಂನ ಕಣ್ಣಿಗೆ ಅದು ಬಿತ್ತು. 1819ರಲ್ಲಿ ಪ್ಯಾರಿಸ್ಸಿನ ಜಾಕ್ ಎಂಬ ತೋಟಗಾರನಿಗೆ ಬೀಜ ಹೋಯಿತು. ಮುಂದೆ ಯುರೋಪಿನ ಉದ್ಯಾನಗಳಲ್ಲಿ ಬೂರ್ಬೋಂ ಗುಲಾಬಿಗಳ ವಂಶವೇ ಮೆರೆಯಿತು. ಮೊಮ್ಮಕ್ಕಳು ಅತ್ತ ಪ್ರಶಸ್ತಿ ಗಳಿಸುತ್ತಿದ್ದರೆ, ಅಜ್ಜ ಇತ್ತ ನಮ್ಮ ದೇಶಕ್ಕೆ ಬಂದು ಮಾಲೆಗೆ ಹೂವಾದ, ಗುಲ್ಕನ್ನಿಗೆ ಪಕಳೆಯಾದ, ಉಳಿದ ಹೊತ್ತಿನಲ್ಲಿ ನಾಜೂಕಿನ ಕಸಿ ಗುಲಾಬಿಗಳಿಗೆ ಕಾಲಾಗಿ ಮಣ್ಣಿನಲ್ಲಿ ನಿಂತ. ಬೇಲಿಯಲ್ಲಿ ಹುಟ್ಟಿದವನಿಗೆ ಜಂಬಿಟ್ಟಿಗೆ ಯಾವ ಲೆಕ್ಕ!

ಹಾಗಂತ ಎಡ್ವರ್ಡ್ ಗಾಳಿ ಕುಡಿದು ಬದುಕಿಲ್ಲ. ವೈನಿ ದಿನಾ ನೀರು ಚಿಮುಕಿಸುವುದಿಲ್ಲ. ಹಾಗೆ ಮಾಡಿದರೆ ಬೇರು ಆಸೆಗೆ ಬಿದ್ದು ಮೇಲೇ ಉಳಿದು, ಬಿಸಿಲಿಗೆ ಮೊದಲು ಸಾಯುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಬುಡ ತುಂಬ ನೀರು, ಮೇಲೆ ಮಾವಿನ ತರಗೆಲೆಯ ಹೊದಿಕೆ. ಸೀಗಿ ಹುಣ್ಣಿಮೆ ಹೊತ್ತಿಗೆ ಒಣಕಲು, ಸಣಕಲು ಟೊಂಗೆಗಳಿಗೆಲ್ಲ ಕತ್ತರಿ. ಹೊಸ್ತಿಲ ಹುಣ್ಣಿಮೆಗೆ ನೋಡಬೇಕು ಆ ಗಿಡವನ್ನು. ಕತ್ತರಿಸಿದ ಟೊಂಗೆ ಚುಚ್ಚಿದರೂ ಬೇರು ಬಿಡುವ ಜಾತಿಯಾದ್ದರಿಂದ ಓಣಿಯ ಹಿತ್ತಲುಗಳಲ್ಲೆಲ್ಲ ಈಗ ಅದರದೇ ಸಂಸಾರ.

ಕೈಗಾಡಿಯವ ಇವತ್ತಿಗೂ ಬರುತ್ತಾನೆ. ಹಳದಿ, ಕೇಸರಿ, ಎರಡು ಬಣ್ಣದ್ದು ಎಂದು ಒಂದೊಂದನ್ನೇ ಎತ್ತಿ ಹೊಗಳುತ್ತಾನೆ. ವೈನಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತಾರೆ: "ಮ್ಯಾಲಿಂದು ಇರ್ಲಿ, ಕೆಳಗ ಯಾವುದು ಐತಿ ಹೇಳು."