ಪಾಯದ ಗುಂಡಿಯಲ್ಲಿ ಒಂದು ಭಾನುವಾರ

ಶುಕ್ರವಾರ ಮಧ್ಯಾಹ್ನ ಅಪ್ಪ ವಾಟ್ಸಾಪಿನಲ್ಲಿ ಆರು ಫೋಟೋ ಕಳಿಸಿದ್ದರು. ಕೆಂಪು ಮಣ್ಣಿನ ಗುಂಡಿಗಳು, ಒಳಗೆ ಕಂಬಿಯ ಜಾಲರಿ, ಪಕ್ಕದಲ್ಲಿ ಹೆಮ್ಮೆಯಿಂದ ನಿಂತ ಮೇಸ್ತ್ರಿ. ಕೆಳಗೆ "ಸೋಮವಾರ ಬೆಳಿಗ್ಗೆ ಕಾಂಕ್ರೀಟ್. ನೋಡಿ ಹೇಳು" ಅಂತ. ನಾನು ನೋಡಿದೆನಾ? ಇಲ್ಲ. ಹೆಬ್ಬೆರಳಿನ ಚಿತ್ರ ಒತ್ತಿ ಮೀಟಿಂಗಿಗೆ ಹೋದೆ.

ರಾತ್ರಿ ಊಟ ಮಾಡ್ತಾ ಮತ್ತೆ ತೆಗೆದು ನೋಡಿದಾಗ ಏನೋ ಕಸಿವಿಸಿ. ಮೂರನೇ ಫೋಟೋದಲ್ಲಿ ಜಾಲರಿ ಕೆಳಗಿನ ಬೆಡ್ ಮೇಲೆ ಸೀದಾ ಮಲಗಿತ್ತು. ಜಾಲರಿಗೂ ಬೆಡ್‌ಗೂ ನಡುವೆ ಸಂದು ಇರಬೇಕಲ್ವಾ? ಮೊದಲ ಸೆಮಿಸ್ಟರಿನ ಎಲಿಮೆಂಟ್ಸ್ ಆಫ್ ಸಿವಿಲ್ ಇಂಜಿನಿಯರಿಂಗ್ ಅನ್ನೋ ಪೇಪರನ್ನು ಪಾಸಾಗಲಿಕ್ಕಷ್ಟೇ ಓದಿದವನು ನಾನು. ಆಮೇಲೆ ಮೂರೂವರೆ ವರ್ಷ ಬರೀ ಕಂಪ್ಯೂಟರ್ರು. ಸಿವಿಲ್ ಓದಿದ ಗೆಳೆಯನಿಗೆ ಫೋಟೋ ಕಳಿಸಿದೆ. ಅವನ ಉತ್ತರ ಒಂದೇ ಸಾಲು: "ಕವರ್ ಬ್ಲಾಕ್ ಎಲ್ಲೋ?"

ಭಾನುವಾರ ಬೆಳಿಗ್ಗೆ ತುಮಕೂರಿನ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪಿನ ಬದಲು ಐದು ಮೀಟರಿನ ಒಂದು ಟೇಪು, ನಕ್ಷೆಯ ಪ್ರಿಂಟು.

ಅಪ್ಪ ಹೈಸ್ಕೂಲ್ ಮೇಷ್ಟ್ರು. ವರ್ಗಾವಣೆ ಆದಲ್ಲೆಲ್ಲ ಬಾಡಿಗೆ ಮನೆ, ಒಟ್ಟು ಒಂಬತ್ತು. ಇದು ಅವರ ನಿವೃತ್ತಿಯ ದುಡ್ಡು, ಅದರ ಮೇಲೆ ನನ್ನ ಹೆಸರಿನ ಸಾಲ. ಒಂದೇ ಸಲ ಕಟ್ಟೋದು. ಗೋಡೆ ಸೊಟ್ಟಗಾದರೆ ಒಡೆದು ಕಟ್ಟಬಹುದು, ಬಣ್ಣ ಇಷ್ಟ ಆಗದಿದ್ದರೆ ಬೇರೆ ಬಳಿಯಬಹುದು. ಆದ್ರೆ ಪಾಯಕ್ಕೆ ಕಾಂಕ್ರೀಟ್ ಹಾಕಿ ಮಣ್ಣು ಮುಚ್ಚಿದ ಮೇಲೆ ಅದರೊಳಗೆ ಏನಿದೆ ಅಂತ ದೇವರಿಗೂ ಕಾಣಲ್ಲ. ನಮ್ಮ ಕೆಲಸದಲ್ಲಾದ್ರೆ ತಪ್ಪಾದ ರಿಲೀಸನ್ನು ರಾತ್ರೋರಾತ್ರಿ ವಾಪಸ್ ತಗೋತೀವಿ. ಇಲ್ಲಿ ಆ ಬಟನ್ನೇ ಇಲ್ಲ.

ಹನ್ನೆರಡು ಗುಂಡಿ, ಒಂದೊಂದೂ ಐದಡಿ ಆಳ. ಮೊದಲು ಮೂಲೆ ಅಳೆಯೋಣ ಅಂತ ಮೇಸ್ತ್ರಿಯ ಉದ್ದದ ಟೇಪು ಕೇಳಿ ಇಸಕೊಂಡೆ. ಹೊರಗಿನ ಕಂಬಗಳ ನಡುವೆ ಒಂದು ಕಡೆ 24 ಅಡಿ, ಇನ್ನೊಂದು ಕಡೆ 32. ಅಂದ್ರೆ ಕರ್ಣ ಸರಿಯಾಗಿ 40 ಬರಬೇಕು, ನಮ್ಮ ಪೈಥಾಗೋರಸ್ ಲೆಕ್ಕ. ತಪ್ಪು ಹಿಡೀಬೇಕು ಅನ್ನೋ ಆಸೆಯಿಂದಲೇ ಅಳೆದೆ, ಸುಳ್ಳು ಯಾಕೆ ಹೇಳ್ಲಿ. ಎರಡು ಕರ್ಣಕ್ಕೂ ಅರ್ಧ ಇಂಚಿನ ವ್ಯತ್ಯಾಸವೂ ಇರಲಿಲ್ಲ. ಬರೀ ದಾರ, ಗೂಟ, ತೂಕಗುಂಡು ಇಟ್ಟುಕೊಂಡು ಮಾಡಿದ್ದು. "ಏನ್ ಸಾರ್, ಸರಿ ಐತಾ?" ಅಂದ್ರು ಮೇಸ್ತ್ರಿ, ಬೀಡಿ ಹಚ್ಚುತ್ತಾ. ನನ್ನ ಮುಖ ಸ್ವಲ್ಪ ಸಣ್ಣದಾಯ್ತು.

ಆಮೇಲೆ ಗುಂಡಿಗೆ ಇಳಿದೆ. ಜಾಲರಿ ನಿಜವಾಗಲೂ ಬೆಡ್‌ಗೆ ಅಂಟಿಕೊಂಡಿತ್ತು. ಎರಡು ಕಡೆ ಇಟ್ಟಿಗೆ ಚೂರು ತುರುಕಿದ್ದರು, ಉಳಿದ ಕಡೆ ಅದೂ ಇಲ್ಲ. ಪಾಯದ ಕಂಬಿಗೆ ಸುತ್ತಲೂ ಕನಿಷ್ಠ 50 ಮಿಲಿಮೀಟರ್, ಅಂದ್ರೆ ಎರಡು ಇಂಚು ಕಾಂಕ್ರೀಟಿನ ಹೊದಿಕೆ ಇರಬೇಕು ಅಂತ 2000ದ ಐಎಸ್ 456 ಹೇಳುತ್ತೆ. ಕಾಂಕ್ರೀಟಿನ ಕ್ಷಾರಗುಣವೇ ಕಂಬಿಯನ್ನು ತುಕ್ಕಿನಿಂದ ಕಾಯೋದು. ಕಂಬಿ ಕೆಳಗೇ ಕೂತರೆ ಮಣ್ಣಿನ ತೇವ ಸುಲಭವಾಗಿ ತಲುಪುತ್ತೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಕೇಳುತ್ತೆ, ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತೆ. ಇಟ್ಟಿಗೆ ಚೂರಂತೂ ನೀರು ಹೀರೋ ಪದಾರ್ಥ.

ಕಂಬಿ ಎಣಿಸಿದೆ. ನಾಲ್ಕಡಿಯ ಪಾಯಕ್ಕೆ ಆರಾರು ಇಂಚಿಗೆ ಒಂದರಂತೆ ಒಂಬತ್ತು ಬೇಕು, ನಕ್ಷೆಯಲ್ಲೂ ಒಂಬತ್ತೇ. ಹಿಂಭಾಗದ ಎರಡು ಗುಂಡಿಯಲ್ಲಿ ಒಂದು ದಿಕ್ಕಿಗೆ ಏಳೇ ಇತ್ತು. ಇನ್ನೊಮ್ಮೆ ಎಣಿಸಿದೆ. ಏಳೇ.

ಮೇಲೆ ಹತ್ತಿ ಅಪ್ಪನಿಗೆ ಹೇಳಿದಾಗ ಅವರು ಮೊದಲು ನೋಡಿದ್ದು ಮೇಸ್ತ್ರಿ ಎಷ್ಟು ದೂರ ಇದ್ದಾರೆ ಅಂತ. "ಮೆಲ್ಲಗೆ ಮಾತಾಡೋ. ಬೇಜಾರು ಮಾಡ್ಕೊಂಡು ಕೆಲಸ ಬಿಟ್ಟು ಹೋದ್ರೆ?" ಮೂವತ್ತೈದು ಮಕ್ಕಳ ಕ್ಲಾಸನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಿದ್ದ ಮನುಷ್ಯ! ನಾಳೆಗೆ ಮಿಕ್ಸರ್ ಬಂದಾಗಿದೆ, ಹದಿನಾಲ್ಕು ಆಳುಗಳಿಗೆ ಹೇಳಿಯಾಗಿದೆ. ನಿಲ್ಲಿಸಿದರೆ ಒಂದು ದಿನದ ಕೂಲಿ ದಂಡ. ಜೊತೆಗೆ ಆಕಾಶ ಬೇರೆ ಮುಸುಕಿತ್ತು.

ಕೊನೆಗೆ ನಾನೇ ಹೋಗಿ ಹೇಳಿದೆ. ಮೊದಲು ಮೂಲೆಮಟ್ಟ ಹೊಗಳಿದೆ (ಅದು ನಿಜವೂ ಹೌದು), ಆಮೇಲೆ ಏಳು-ಒಂಬತ್ತರ ವಿಷಯ. ಮೇಸ್ತ್ರಿ ಇಳಿದು ತಾವೇ ಎಣಿಸಿದರು. ಮುಖ ಕೆಂಪಾಯ್ತು, ಆದ್ರೆ ನನ್ನ ಮೇಲಲ್ಲ. ಶುಕ್ರವಾರ ಸಂಜೆ ಕಂಬಿ ಮುಗಿದಿತ್ತಂತೆ, ಶನಿವಾರ ಬಂದ ಮೇಲೆ ಸೇರಿಸ್ತೀನಿ ಅಂದಿದ್ದ ಹುಡುಗ ಮರೆತಿದ್ದ. ಅರ್ಧ ಗಂಟೆಯಲ್ಲಿ ನಾಲ್ಕು ಕಂಬಿ ಕಟ್ಟಿಸಿದರು. ಕವರ್ ಬ್ಲಾಕ್ ವಿಷಯಕ್ಕೆ ಮಾತ್ರ ಜಗ್ಗಲಿಲ್ಲ. "ಇಪ್ಪತ್ತು ವರ್ಷದಿಂದ ಕಟ್ತಿದೀನಿ ಸಾರ್, ಕಾಂಕ್ರೀಟ್ ಹಾಕ್ತಾ ಹಾಕ್ತಾ ಜಾಲರಿ ಎತ್ತಿ ಅಲ್ಲಾಡಿಸ್ತೀವಿ. ನೀವು ಕಂಪ್ಯೂಟರ್ ಇಂಜಿನಿಯರ್ ಅಲ್ವಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಅಪ್ಪ, ಅಷ್ಟು ಹೊತ್ತು ಮರಳಿನ ಗುಡ್ಡೆ ನೋಡ್ತಾ ನಿಂತಿದ್ದವರು, "ಒಂದು ದಿನದ ಕೂಲಿ ಹೋದ್ರೆ ಹೋಗ್ಲಿ, ನಾನು ಕೊಡ್ತೀನಿ. ಬ್ಲಾಕ್ ಬರೋವರೆಗೂ ಬೇಡ" ಅಂದರು. ಅದೇ ಹಳೇ ಕ್ಲಾಸಿನ ದನಿ.

ದಂಡ ಕಟ್ಟುವಂತಾಗಲಿಲ್ಲ. ಸೋಮವಾರ ಏಳಕ್ಕೇ ಅಂಗಡಿ ತೆಗೆಸಿ ರೆಡಿಮೇಡ್ ಬ್ಲಾಕ್ ತಂದೆವು. ಗುಂಡಿಗೆ ಐದರಂತೆ ಅರವತ್ತು. ಹುಡುಗರು ಹಾರೆ ಹಾಕಿ ಜಾಲರಿ ಎತ್ತುವುದು, ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಒಂದೊಂದೇ ಬ್ಲಾಕ್ ಕೆಳಗೆ ತಳ್ಳುವುದು. ಜಾಲರಿ ಎತ್ತಿದಾಗ ಕಂಬದ ಕಂಬಿಗಳು ವಾಲಿದವು. ಮೇಸ್ತ್ರಿ ಗೊಣಗುತ್ತಲೇ ತೂಕಗುಂಡು ಹಿಡಿದು ಹನ್ನೆರಡನ್ನೂ ನೆಟ್ಟಗೆ ಮಾಡಿದರು. ಹತ್ತೂವರೆಗೆ ಮಿಕ್ಸರ್ ಶುರು. ನಾನು ಪಕ್ಕದಲ್ಲಿ ನಿಂತು ನೀರಿನ ಬಕೆಟ್ ಎಣಿಸಿದೆ, ಮೂಟೆಗೆ 30 ಲೀಟರ್ ದಾಟಬಾರದು ಅಂತ. ಆಳುಗಳು ನನ್ನ ಕಡೆ ನೋಡಿ ನಗ್ತಿದ್ದರು. ನಗ್ಲಿ ಬಿಡಿ. ಆಫೀಸಿಗೆ ಹುಷಾರಿಲ್ಲ ಅಂತ ಮೆಸೇಜ್ ಹಾಕಿದ್ದೆ.

ಈಗ ಅಪ್ಪ ದಿನಾ ಬೆಳಿಗ್ಗೆ ಸಂಜೆ ನೀರು ಹಾಯಿಸ್ತಿದ್ದಾರೆ, ಡೈರಿಯಲ್ಲಿ ಬರೆದಿಡ್ತಾರೆ ಕೂಡ. ಬರುವ ಭಾನುವಾರ ಕಂಬದ ರಿಂಗು ಕಟ್ಟೋದಂತೆ. ನಿನ್ನೆ ಫೋನಿನಲ್ಲಿ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿ, "ಟೇಪು ಮರೀಬೇಡ" ಅಂದರು. ಹಿಂದಿನಿಂದ ಮೇಸ್ತ್ರಿ ನಕ್ಕಿದ್ದು ಕೇಳಿಸಿತು.