ಮಾರಾಟಕ್ಕಿಲ್ಲದ ದಡ: ತಿಯೋಮನ್ ದ್ವೀಪದ ಜುವಾರಾ

ಕೌಲಾಲಂಪುರದಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ, ಕಾಫಿ ಮುಗಿಯುವಷ್ಟರಲ್ಲಿ ಮಾತು ಎರಡು ವಿಷಯಕ್ಕೆ ಬಂದು ನಿಲ್ಲುತ್ತದೆ. ಒಂದು, ಮುಂದಿನ ರಜೆಗೆ ಎಲ್ಲಿಗೆ? ಇನ್ನೊಂದು, ಉಳಿಸಿದ ದುಡ್ಡನ್ನು ಎಲ್ಲಿ ಹಾಕೋಣ? ಎರಡೂ ಪ್ರಶ್ನೆಗಳಿಗೆ ಒಂದೇ ಉತ್ತರ ಸಿಕ್ಕೀತೆಂದು ನಾವು ಮೂರು ಕುಟುಂಬಗಳವರು ಒಂದು ಶಾಲಾ ರಜೆಯಲ್ಲಿ ಜುವಾರಾಕ್ಕೆ ಹೊರಟೆವು. ಕಡಲ ದಂಡೆಯಲ್ಲಿ ಒಂದಿಷ್ಟು ಜಾಗ, ನಾಲ್ಕು ಮರದ ಕುಟೀರ, ನಿವೃತ್ತಿಯ ನಂತರ ತೆಂಗಿನ ಮರದ ಕೆಳಗೊಂದು ಆರಾಮ ಕುರ್ಚಿ! ಲೆಕ್ಕವೆಲ್ಲ ಕಾರಿನಲ್ಲೇ ಮುಗಿದಿತ್ತು.

ತಿಯೋಮನ್, ದಕ್ಷಿಣ ಚೀನಾ ಸಮುದ್ರದಲ್ಲಿರುವ ದ್ವೀಪ. ಉದ್ದ ಸುಮಾರು 20 ಕಿಲೋಮೀಟರ್, ಅಗಲ 12. ಹೆಚ್ಚಿನ ಭಾಗ ಕಾಡು ಮತ್ತು ಬೆಟ್ಟ. ಅತಿ ಎತ್ತರದ ಗುನುಂಗ್ ಕಾಜಾಂಗ್ 1,038 ಮೀಟರ್. ಸಿಂಗಪುರದ ರಾಜಕುಮಾರನನ್ನು ವರಿಸಲು ಹಾರಿ ಹೊರಟ ನಾಗಕನ್ಯೆಯೊಬ್ಬಳು ದಣಿವಾರಿಸಿಕೊಳ್ಳಲು ಇಲ್ಲಿ ಇಳಿದು, ಈ ಚೆಲುವಿಗೆ ಮರುಳಾಗಿ, ದ್ವೀಪವಾಗಿ ಇಲ್ಲೇ ಉಳಿದುಬಿಟ್ಟಳೆಂಬ ಕಥೆ ಇಲ್ಲಿದೆ. ನಾಗಬನಕ್ಕೆ ಕೈಮುಗಿದು ಬೆಳೆದ ಕರಾವಳಿಯವನಾದ ನನಗೆ ಈ ಕಥೆ ತಟ್ಟನೆ ಹತ್ತಿರವಾಯಿತು.

ತೇಕೆಕ್, ಸಲಾಂಗ್, ಪಾಯಾ, ಗೆಂಟಿಂಗ್ ಮುಂತಾದ ಊರುಗಳೆಲ್ಲ ದ್ವೀಪದ ಪಶ್ಚಿಮಕ್ಕೆ, ದೋಣಿಗಳು ಬಂದು ತಂಗುವ ಕಡೆ ಇವೆ. ಜುವಾರಾ ಒಂದೇ ಬೆಟ್ಟದ ಆಚೆ, ಪೂರ್ವಕ್ಕೆ ಮುಖ ಮಾಡಿ ಕುಳಿತಿದೆ. ಮಲಯ್ ಭಾಷೆಯಲ್ಲಿ ಜುವಾರಾ ಎಂದರೆ ಗೆದ್ದವನು ಎಂದರ್ಥ. ಏನು ಗೆದ್ದಿತು ಎಂಬುದು ನನಗೆ ಹಿಂತಿರುಗುವ ದಿನ ತಿಳಿಯಿತು.

ತಲುಪುವುದು ಹೇಗೆ?

ದ್ವೀಪ ಪಹಾಂಗ್ ರಾಜ್ಯಕ್ಕೆ ಸೇರಿದ್ದರೂ ಹೆಚ್ಚಿನವರು ಹೋಗುವುದು ಜೊಹೋರ್ ರಾಜ್ಯದ ಮೆರ್ಸಿಂಗ್ ಬಂದರಿನಿಂದ. ಪಹಾಂಗ್‌ನ ತಂಜುಂಗ್ ಗೆಮೋಕ್‌ನಿಂದಲೂ ದೋಣಿ ಇದೆ. ಮೆರ್ಸಿಂಗ್ ನದಿಯ ಬಾಯಿ ಆಳವಿಲ್ಲದ್ದರಿಂದ ದೋಣಿಯ ಸಮಯ ಗಡಿಯಾರಕ್ಕಿಂತ ಹೆಚ್ಚಾಗಿ ಉಬ್ಬರವಿಳಿತವನ್ನೇ ನಂಬಿದೆ. ಹಾಗಾಗಿ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಎರಡು ಗಂಟೆಯ ಆಸುಪಾಸಿನ ಪ್ರಯಾಣ; ಹೊಟ್ಟೆ ತೊಳಸುವವರು ಮಾತ್ರೆ, ನಿಂಬೆಹುಳಿ ಮರೆಯಬೇಡಿ. ತೇಕೆಕ್‌ನಲ್ಲಿ ಇಳಿದರೆ, ಕಡಿದಾದ ಕಾಂಕ್ರೀಟ್ ರಸ್ತೆಯಲ್ಲಿ ಬೆಟ್ಟ ಹತ್ತಿಸಿ ಆಚೆ ಇಳಿಸುವ ನಾಲ್ಕು ಚಕ್ರ ಚಾಲನೆಯ ವಾಹನಗಳಿವೆ. ಕಾಲಿನಲ್ಲಿ ಕಸುವಿದ್ದವರಿಗೆ ಕಾಡಿನ ನಡುವೆ ಸುಮಾರು 7 ಕಿಲೋಮೀಟರ್ ಕಾಲುದಾರಿಯೂ ಇದೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾನ್ಸೂನ್ ಕಾಲ. ಕಡಲು ಕೆರಳುತ್ತದೆ, ದೋಣಿಗಳು ಕಡಿಮೆಯಾಗುತ್ತವೆ, ಎಷ್ಟೋ ವಸತಿಗಳು ಬಾಗಿಲು ಹಾಕುತ್ತವೆ. ಮತ್ತೆ ಬಾಗಿಲು ತೆರೆಯುವುದು ಮಾರ್ಚ್ ಹೊತ್ತಿಗೆ, ಅಂದರೆ ನಮ್ಮ ಯುಗಾದಿಯ ಆಸುಪಾಸಿಗೆ. ನಾವು ಬೇವುಬೆಲ್ಲ ತಿನ್ನುವಾಗ ಜುವಾರಾದಲ್ಲೂ ಹೊಸ ವರ್ಷವೇ ಶುರುವಾಗುತ್ತದೆ ಎನ್ನಬಹುದು.

ಊಟ, ವಸತಿ

ದಂಡೆಯುದ್ದಕ್ಕೂ ಊರಿನವರೇ ನಡೆಸುವ ಸಣ್ಣ ಕುಟೀರಗಳಿವೆ. ಐಷಾರಾಮ ಹುಡುಕಬೇಡಿ, ಫ್ಯಾನು, ಸೊಳ್ಳೆಪರದೆ, ಬಾಗಿಲು ತೆರೆದರೆ ಕಡಲು. ಮರಳುನೊಣ ಕಚ್ಚಿದರೆ ವಾರಗಟ್ಟಲೆ ತುರಿಸುತ್ತದೆ, ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ನಗದು ಸಾಕಷ್ಟು ಇಟ್ಟುಕೊಳ್ಳಿ, ಎಟಿಎಂ ಬೇಕೆಂದರೆ ಬೆಟ್ಟ ದಾಟಿ ತೇಕೆಕ್‌ಗೇ ಹೋಗಬೇಕು. ಸಸ್ಯಾಹಾರಿಗಳಿಗೊಂದು ಎಚ್ಚರಿಕೆ: "ಸಯೂರ್" ಎಂದರೆ ತರಕಾರಿಯೇನೋ ಹೌದು, ಆದರೆ ಅದರಲ್ಲಿ ಸೀಗಡಿಯ ಬ್ಲಾಚಾನ್ ಬೆರೆತಿರಬಹುದು. "ತಾಕ್ ನಾಕ್ ಬ್ಲಾಚಾನ್, ತಾಕ್ ನಾಕ್ ಇಕಾನ್" ಎಂದು ಬಾಯಿಪಾಠ ಮಾಡಿಕೊಳ್ಳಿ. ನಮ್ಮ ಮನೆಯವಳು ಕಟ್ಟಿಕೊಂಡು ಬಂದಿದ್ದ ಅವಲಕ್ಕಿ, ಪುಳಿಯೋಗರೆ ಗೊಜ್ಜು ಮೂರು ಕುಟುಂಬಗಳನ್ನೂ ಕಾಪಾಡಿತು. ಊರು ಮುಸಲ್ಮಾನ ಮಲಯ್ ಜನರದ್ದು. ಈಜುಡುಗೆಯಲ್ಲಿ ಊರೊಳಗೆ ಅಡ್ಡಾಡದಿರುವುದು ನಮಗೂ ಶೋಭೆ.

ಆಮೆಗಳ ಮನೆ

ಊರಿನ ದಕ್ಷಿಣಕ್ಕಿರುವ ಮೆಂತಾವಾಕ್ ಕೊಲ್ಲಿಯಲ್ಲಿ 2006ರಲ್ಲಿ ಶುರುವಾದ ಜುವಾರಾ ಆಮೆ ಯೋಜನೆ ಇದೆ. ಹಸಿರಾಮೆ ಮತ್ತು ಗಿಡುಗಮೂತಿಯ ಆಮೆಗಳು ರಾತ್ರಿ ದಡಕ್ಕೆ ಬಂದು ಮರಳು ಬಗೆದು ನೂರರ ಹತ್ತಿರ ಮೊಟ್ಟೆ ಇಡುತ್ತವೆ. ಅವನ್ನು ಬೇಲಿಯೊಳಗೆ ಹೂತು ಕಾಯುತ್ತಾರೆ. ಎರಡು ತಿಂಗಳೊಳಗೆ ಹೊರಬರುವ ಮರಿಗಳು ಬೆಳಕಿನ ಕಡೆಗೆ ಓಡುತ್ತವೆ. ಕತ್ತಲ ದಡದಲ್ಲಾದರೆ ಆ ಬೆಳಕು ಕಡಲಿನದು. ದಡದಲ್ಲಿ ರೆಸಾರ್ಟ್ ದೀಪಗಳು ಬಂದರೆ ಮರಿಗಳು ಅತ್ತ ತಿರುಗಿ ಸಾಯುತ್ತವೆ.

ಇದೇ ಪೂರ್ವ ಕರಾವಳಿಯ ಉತ್ತರಕ್ಕೆ, ತೆರೆಂಗಾನು ರಾಜ್ಯದ ರಾಂತೌ ಅಬಾಂಗ್‌ನಲ್ಲಿ 1950ರ ದಶಕದಲ್ಲಿ ವರ್ಷಕ್ಕೆ ಸುಮಾರು 10,000 ಲೆದರ್‌ಬ್ಯಾಕ್ ಆಮೆ ಗೂಡುಗಳಿದ್ದವು. ಮೊಟ್ಟೆಯ ಆಸೆ, ಮೀನಿನ ಬಲೆಗಳು ಸೇರಿ, 2000ರ ದಶಕದ ಹೊತ್ತಿಗೆ ಅವು ಬೆರಳೆಣಿಕೆಗೆ ಇಳಿದವು.

ಹೆಣ್ಣಾಮೆ ಇಪ್ಪತ್ತು ಮೂವತ್ತು ವರ್ಷ ಕಡಲು ಸುತ್ತಿ, ಮೊಟ್ಟೆಯಿಡಲು ತಾನು ಹುಟ್ಟಿದ ತೀರಕ್ಕೇ ಮರಳುತ್ತದಂತೆ. ಇದನ್ನು ಕೇಳಿದ ನನ್ನ ಮಗಳು ಮೆಲ್ಲಗೆ, "ಅಪ್ಪಾ, ನಮ್ಮ ದಡ ಈಗ ಇಲ್ವಲ್ಲ" ಎಂದಳು. ನಾನು ಸುಮ್ಮನಾದೆ.

ಅವಳು ಹೇಳಿದ್ದು ಕುಂದಾಪುರದ ಬಳಿಯ ನಮ್ಮ ಅಜ್ಜನ ಮನೆಯ ವಿಷಯ. ಮಕ್ಕಳೆಲ್ಲ ದೂರದೂರದಲ್ಲಿದ್ದೇವೆ, ಯಾರು ನೋಡಿಕೊಳ್ಳುವುದು ಎಂದು ಕಡಲ ಬದಿಯ ಆ ಜಾಗವನ್ನು ಮಾರಿದೆವು. ಒಳ್ಳೆಯ ಬೆಲೆಯೇ ಬಂತು. ಕಳೆದ ಬಾರಿ ಮಗಳಿಗೆ ತೋರಿಸೋಣವೆಂದು ಹೋದರೆ ಎತ್ತರದ ಗೋಡೆ, ಗೇಟು, ಕಾವಲುಗಾರ. "ಬುಕಿಂಗ್ ಇದೆಯಾ ಸಾರ್?" ಎಂದ. ನಾನು ಈಜು ಕಲಿತ ಕಡಲಿಗೆ ನನ್ನಲ್ಲಿ ಬುಕಿಂಗ್ ಇರಲಿಲ್ಲ.

ಹೂಡಿಕೆಯ ಮಾತು

ಕೊನೆಯ ದಿನ ನಮ್ಮ ಕುಟೀರದ ಯಜಮಾನರೊಡನೆ ವಿಷಯ ತೆಗೆದೆವು. ಜಾಗ ಕೊಡುತ್ತೀರಾ? ಹಿರಿಯರು ನಕ್ಕು, "ಇನಿ ತಾನಾಹ್ ಪುಸಾಕಾ" ಎಂದರು. ಪುಸಾಕಾ ಎಂದರೆ ಹಿರಿಯರಿಂದ ಬಂದದ್ದು, ಪಿತ್ರಾರ್ಜಿತ. ಜೊತೆಗೆ, ಅವರ ಜಾಗ ಮಲಯ್ ಮೀಸಲು ಭೂಮಿ.

ಇದನ್ನು ಹೂಡಿಕೆಯ ಕನಸಿರುವ ಎಲ್ಲರೂ ತಿಳಿದಿರಬೇಕು. 1913ರಲ್ಲಿ ಬ್ರಿಟಿಷರ ಕಾಲದಲ್ಲಿ ಪಹಾಂಗ್ ಸೇರಿ ನಾಲ್ಕು ರಾಜ್ಯಗಳಿಗೆ ಬಂದ ಕಾನೂನಿನಿಂದ ಶುರುವಾದ ಈ ವ್ಯವಸ್ಥೆಗೆ ಇಂದು ಸಂವಿಧಾನದ 89ನೇ ವಿಧಿಯ ರಕ್ಷಣೆ ಇದೆ. ಅಂಥ ಭೂಮಿಯನ್ನು ಮಲಯರಲ್ಲದವರಿಗೆ ಮಾರುವಂತಿಲ್ಲ. ಕೊಳ್ಳುವವರು ಮಲೇಷ್ಯಾದ ಪ್ರಜೆಗಳೇ ಆಗಿದ್ದರೂ ಅಷ್ಟೇ. ಮೀಸಲಲ್ಲದ ಜಾಗವಾದರೂ ವಿದೇಶೀಯರಿಗೆ 1965ರ ರಾಷ್ಟ್ರೀಯ ಭೂ ಸಂಹಿತೆಯ ಪ್ರಕಾರ ರಾಜ್ಯದ ಪೂರ್ವಾನುಮತಿ ಬೇಕು. ಸ್ಥಳೀಯರ ಹೆಸರಿನಲ್ಲಿ ಕೊಂಡು ಹಿಂದಿನಿಂದ ನಡೆಸುವ "ಅಲಿ ಬಾಬಾ" ಉಪಾಯ ಹೇಳುವವರೂ ಸಿಗುತ್ತಾರೆ. ಮೀಸಲು ಭೂಮಿಯಲ್ಲಿ ಅಂಥ ಒಪ್ಪಂದ ಕಾನೂನಿನ ಮುಂದೆ ಶೂನ್ಯ. ದುಡ್ಡು ಹೋದರೆ ಕೇಳುವವರಿಲ್ಲ. ಇನ್ನು ಸುತ್ತಲಿನ ಕಡಲು 1994ರಿಂದ ಸಾಗರ ಉದ್ಯಾನ. ದಡದಿಂದ ಎರಡು ನಾಟಿಕಲ್ ಮೈಲಿವರೆಗೆ ಮೀನು ಹಿಡಿಯುವಂತಿಲ್ಲ, ಹವಳ ಮುಟ್ಟುವಂತಿಲ್ಲ.

ನಮ್ಮ ಗೆಳೆಯರೊಬ್ಬರಿಗೆ ಸಿಟ್ಟೇ ಬಂತು, "ಇದೆಂಥ ಕಾನೂನು!" ಆಗ ನನಗೆ ನಮ್ಮ ಕರ್ನಾಟಕವೇ ನೆನಪಾಯಿತು. 1974ರ ತಿದ್ದುಪಡಿಯಿಂದ ನಮ್ಮಲ್ಲೂ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ತಡೆಯಿತ್ತು, ಅದನ್ನು 2020ರಲ್ಲಿ ತೆಗೆದುಹಾಕಿದರು. ತಡೆ ಸರಿಯೇ ತಪ್ಪೇ ಎಂದು ತೀರ್ಪು ಕೊಡಲು ನಾನು ಯಾರೂ ಅಲ್ಲ. ಜನಾಂಗ ನೋಡಿ ಹಾಕಿದ ಗೆರೆಯಿಂದ ಇಲ್ಲೇ ಹುಟ್ಟಿ ಬೆಳೆದ ಭಾರತೀಯ ಮೂಲದವರಿಗೆ ಆಗುವ ನೋವೂ ಸುಳ್ಳಲ್ಲ. ಆದರೆ ಒಂದು ಮಾತಂತೂ ಕಣ್ಣಿಗೆ ಕಾಣುತ್ತಿತ್ತು. ಆ ಹಿರಿಯರ ಮೊಮ್ಮಕ್ಕಳು ತಮ್ಮ ಅಜ್ಜನ ಅಂಗಳದಿಂದ ನೇರ ಕಡಲಿಗೆ ಓಡುತ್ತಿದ್ದರು. ಯಾರೂ ಅವರ ಬುಕಿಂಗ್ ಕೇಳಲಿಲ್ಲ. ಜುವಾರಾ ಗೆದ್ದದ್ದು ಇದನ್ನೇ ಇರಬೇಕು.

ಹಾಗಾದರೆ ಇಲ್ಲಿ ಹೂಡಿಕೆಯೇ ಬೇಡವೆ? ಖಂಡಿತ ಬೇಕು, ಸ್ವಲ್ಪ ಬೇರೆ ಬಗೆಯದು. ಊರಿನವರ ಕುಟೀರದಲ್ಲೇ ಉಳಿಯಿರಿ, ಅವರ ಅಂಗಡಿಯಲ್ಲೇ ಉಣ್ಣಿರಿ, ಅವರ ದೋಣಿಯಲ್ಲೇ ಸುತ್ತಿರಿ, ಆಮೆ ಯೋಜನೆಗೆ ಕೈಲಾದ ಕಾಣಿಕೆ ಕೊಡಿ, ನಿಮ್ಮ ಪ್ಲಾಸ್ಟಿಕ್ಕನ್ನು ನೀವೇ ಮರಳಿ ತನ್ನಿ. ಮೂರು ಕುಟುಂಬಗಳ ನಮ್ಮ "ರೆಸಾರ್ಟ್ ನಿಧಿ"ಯಿಂದ ಮುಂದಿನ ವರ್ಷದ ಕುಟೀರಗಳಿಗೆ ಮುಂಗಡ ಕೊಟ್ಟೆವು. ಉಳಿದದ್ದನ್ನು ಏನು ಮಾಡಬೇಕೆಂದು ನನ್ನವಳೊಡನೆ ದೋಣಿಯಲ್ಲೇ ಮಾತಾಡಿದೆ. ಊರಿನಲ್ಲಿ ಚಿಕ್ಕಪ್ಪನ ಪಾಲಿನ ಹಳೆಯ ಮನೆಯೊಂದು ಇನ್ನೂ ನಿಂತಿದೆ, ಮಾಡು ಸೋರುತ್ತಿದೆ. ಈ ಮಳೆಗಾಲಕ್ಕೆ ಮೊದಲು ಹೆಂಚು ಹೊದೆಸಬೇಕು.

ಈ ಹೊಸ ವರ್ಷದಲ್ಲಿ ಒಮ್ಮೆ ಜುವಾರಾಕ್ಕೆ ಹೋಗಿ ಬನ್ನಿ. ಎಲ್ಲರಿಗೂ ಯುಗಾದಿಯ ಶುಭಾಶಯಗಳು.