ಗುಡ್ಡದ ಹಾದಿಯ ನಿಯಮ

ಕಳೆದ ಕಾರ್ತಿಕಮಾಸದಲ್ಲಿ ನನ್ನ ಮಗಳು ಧಾರವಾಡದ ಕಾಲೇಜಿನಿಂದ ರಜೆಗೆಂದು ಬೈಲಹೊಂಗಲಕ್ಕೆ ಬಂದಿದ್ದಳು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮೆಲ್ಲನೆ ಮಾತು ತೆಗೆದಳು. ನಾಲ್ವರು ಗೆಳತಿಯರು ಕೂಡಿ ಎರಡು ದಿನ ಗುಡ್ಡಗಳಲ್ಲಿ ನಡೆದಾಡಬೇಕೆಂದು ನಿಶ್ಚಯಿಸಿದ್ದರು. ಮೊದಲನೆಯ ದಿನ ಸವದತ್ತಿಯ ಪರಸಗಡ ಹಾಗೂ ನವಿಲುತೀರ್ಥ. ರಾತ್ರಿ ಸವದತ್ತಿಯಲ್ಲಿ ಗೆಳತಿಯೊಬ್ಬಳ ಮನೆ. ಎರಡನೆಯ ದಿನ ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿಯ ಶಬರಿಕೊಳ್ಳ.

“ಅಪ್ಪಾ, ಹೋಗಲ್ಯಾ?” ಎಂದು ಕೇಳಿದಳು.

ನನ್ನ ಹೆಂಡತಿಯು ರೊಟ್ಟಿ ಬಡಿಸುವುದನ್ನು ಅಲ್ಲಿಯೇ ನಿಲ್ಲಿಸಿದಳು. “ಆ ಗುಡ್ಡದಾಗ ಏನೈತಿ? ಎಲ್ಲಮ್ಮನ ದರ್ಶನ ಮಾಡಿಕೊಂಡು ಬಸ್ಸಿನಾಗ ಬರ್ರಿ, ಸಾಕು” ಎಂದಳು. ಬಳಿಕ ಇಬ್ಬರೂ ನನ್ನ ಮುಖವನ್ನು ನೋಡಿದರು.

ಗುಡ್ಡದಲ್ಲಿ ಏನಿದೆ ಎಂಬ ಪ್ರಶ್ನೆಯು ಸಣ್ಣದಲ್ಲ. ಕಿತ್ತೂರಿನಿಂದ ಪೂರ್ವಕ್ಕೆ ಹೊರಟವನು ಒಂದೆರಡು ದಿನಗಳ ನಡಿಗೆಯಲ್ಲಿ ಎರಡು ನಾಡುಗಳನ್ನು ಕಾಣುವನು. ಕಿತ್ತೂರಿನ ಕಡೆಗೆ ಮಲೆನಾಡಿನ ಸೆರಗು, ಹಸುರು. ಬೈಲಹೊಂಗಲದಲ್ಲಿ ಹತ್ತಿ ಜೋಳಗಳ ಎರೆಭೂಮಿ. ಸವದತ್ತಿಯನ್ನು ದಾಟಿ ರಾಮದುರ್ಗದವರೆಗೂ ಬಿಸಿಲಿಗೆ ಕೆಂಪೇರಿದ ಬಂಡೆಗಳ ಸಾಲು. ಈ ಬಂಡೆಗಳು ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳದಲ್ಲಿ ಪದರುಪದರಾಗಿ ಕೂತ ಮರಳೆಂದು ಭೂಗರ್ಭಶಾಸ್ತ್ರಜ್ಞರು ಹೇಳುವರು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮೊದಲು ಈ ಸಾಲನ್ನು ಸೀಳಿಕೊಂಡು ಹೋಗಿರುವಳು. ಆ ಸೀಳೇ ನವಿಲುತೀರ್ಥ. ದಾರಿಗಾಣದೆ ನಿಂತ ಹೊಳೆಯನ್ನು ಗುಡ್ಡದ ಮೇಲಿನ ನವಿಲೊಂದು ಕೂಗಿ ಹಂಗಿಸಿತೆಂದೂ, ಹೊಳೆಯು ರೋಷದಿಂದ ಕಲ್ಲನ್ನೇ ಒಡೆಯಿತೆಂದೂ ನಮ್ಮ ಅಜ್ಜಿಯು ಕಥೆ ಹೇಳುತ್ತಿದ್ದಳು. 1970ರ ದಶಕದಲ್ಲಿ ಅಲ್ಲಿಯೇ ಅಣೆಕಟ್ಟು ಎದ್ದು, ನೀರು ಕಡಲಿನಂತೆ ಹರಡಿಕೊಂಡಿತು.

ಇಷ್ಟನ್ನೂ ಹೆಂಡತಿಗೆ ಹೇಳಬಹುದಾಗಿತ್ತು. ಆದರೆ ನನ್ನ ನಾಲಗೆಯನ್ನು ಹಳೆಯದೊಂದು ಮಾತು ತಡೆಯಿತು. ನಲವತ್ತು ವರ್ಷ ಮುಚ್ಚಿಟ್ಟ ಆ ಮಾತನ್ನು ಆ ರಾತ್ರಿ ಇಬ್ಬರಿಗೂ ಹೇಳಿದೆನು.

ಆಗ ನನಗೆ ಹತ್ತೊಂಬತ್ತು ವರ್ಷ. ಬೇಸಿಗೆಯ ರಜೆಯಲ್ಲಿ ಹದಿಮೂರು ವರ್ಷದ ಸೋದರಮಾವನ ಮಗನನ್ನು ಕರೆದುಕೊಂಡು ಪರಸಗಡವನ್ನು ಏರಿದೆನು. ಇಬ್ಬರಿಗೂ ಕೂಡಿ ಒಂದೇ ಬಾಟಲಿ ನೀರು. ಪಾಳುಕೋಟೆಯ ಗೋಡೆಗಳನ್ನು ನೋಡಿ ಹಿಂದಿರುಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪಶ್ಚಿಮಕ್ಕೆ ಜಲಾಶಯವು ಹೊಳೆಯುತ್ತಿತ್ತು. ಎತ್ತರದಿಂದ ಕಂಡ ನೀರು ಯಾವಾಗಲೂ ಹತ್ತಿರವಿದ್ದಂತೆ ತೋರುವುದು. ಹಾದಿಯನ್ನು ಬಿಟ್ಟು ನೆಟ್ಟಗೆ ಇಳಿಯೋಣವೆಂದೆನು. ಹನ್ನೆರಡು ಹೊಡೆಯುವುದರೊಳಗಾಗಿ ಬಾಟಲಿಯು ಬರಿದಾಯಿತು. ಬಂಡೆಗಳು ರೊಟ್ಟಿಯ ಹಂಚಿನಂತೆ ಕಾದವು. ಹುಡುಗನು ಹಿಂದೆ ಬಿದ್ದನು. ನಾನಾದರೋ ಅವನನ್ನು ಹುರಿದುಂಬಿಸುವೆನೆಂದು ಮುಂದೆ ಮುಂದೆ ನಡೆದೆನು. ತಿರುಗಿ ನೋಡಿದಾಗ ಅವನಿರಲಿಲ್ಲ.

ಕೂಗಿದೆನು. ಗುಡ್ಡವು ನನ್ನ ಕೂಗನ್ನೇ ನನಗೆ ಹಿಂದಿರುಗಿಸಿತು. ಅರ್ಧ ತಾಸು ಕಳ್ಳಿಕಂಟಿಗಳಲ್ಲಿ ಹುಚ್ಚನಂತೆ ಅಲೆದ ಮೇಲೆ ಒಂದು ಬಂಡೆಯ ನೆರಳಿನಲ್ಲಿ ಅವನನ್ನು ಕಂಡೆನು. ಮುದುಕ ಕುರಿಗಾಹಿಯೊಬ್ಬನು ಅವನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒದ್ದೆಯ ಬಟ್ಟೆಯಿಂದ ಮುಖವನ್ನೊರೆಸಿ, ಗುಟುಕುಗುಟುಕಾಗಿ ಮಜ್ಜಿಗೆಯನ್ನು ಕುಡಿಸುತ್ತಿದ್ದನು. ನನ್ನನ್ನು ಬಯ್ಯಲಿಲ್ಲ. “ಗುಡ್ಡ ಎಲ್ಲೂ ಓಡಿ ಹೋಗೂದಿಲ್ಲ, ತಮ್ಮಾ. ಹುಡುಗ ಹೋದರ ಮತ್ತ ಸಿಗತಾನೇನು?” ಎಂದಷ್ಟೇ ಕೇಳಿದನು. ಬಯ್ದಿದ್ದರೆ ಮರೆಯುತ್ತಿದ್ದೆನೋ ಏನೋ. ಈ ಮಾತನ್ನು ಮರೆಯಲಾಗಲಿಲ್ಲ.

ಮನೆಯಲ್ಲಿ ಅಜ್ಜಿಯೊಬ್ಬಳಿಗೆ ಮಾತ್ರ ಸತ್ಯವನ್ನು ಹೇಳಿದೆನು. ಅವಳು ಪ್ರತಿವರ್ಷ ಬನದ ಹುಣ್ಣಿಮೆಗೆ ಚಕ್ಕಡಿಗಳ ಜೊತೆಗೆ ಬರಿಗಾಲಿನಿಂದ ಎಲ್ಲಮ್ಮನ ಗುಡ್ಡಕ್ಕೆ ನಡೆದವಳು. “ನಮ್ಮ ಮೇಳದಾಗ ಒಂದ ನಿಯಮ ಇತ್ತಪಾ” ಎಂದಳು. “ಬಾವಿ ಸಿಕ್ಕಲ್ಲಿ ಎಲ್ಲಾರೂ ಕೂಡಬೇಕು. ಕಟ್ಟಕಡೀಕ ಬಂದಾಕಿ ನೀರು ಕುಡಿಯೂತನಾ ಮುಂದಿನವರು ಏಳೂಹಂಗಿಲ್ಲ.” ಸಾಹಸವೆಂದರೆ ಮುಂದೆ ನಡೆಯುವುದೆಂದು ನಾನು ಕಾಲೇಜಿನಲ್ಲಿ ತಿಳಿದಿದ್ದೆನು. ಓದುಬರಹವಿಲ್ಲದ ಅಜ್ಜಿಗೆ ಅದು ಹಿಂದೆ ಬರುವವರನ್ನು ಕಾಯುವುದೆಂದು ತಿಳಿದಿತ್ತು.

ಕಥೆ ಮುಗಿದಾಗ ಹೆಂಡತಿಯ ಭಯವು ಹೆಚ್ಚಿತೆಂದೇ ನಾನು ಎಣಿಸಿದೆನು. ಆದರೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಅಜ್ಜಿ ಬರಿಗಾಲಿಲೆ ಹೋಗಿದ್ದರಲ್ಲ. ಇಕಿಗೆ ಬೂಟರೆ ಅದಾವ” ಎಂದಳು. ಹೀಗೆ ಒಪ್ಪಿಗೆಯು ಅವಳಿಂದಲೇ ಬಂದಿತು. ನಾನು ಮೂರು ಮಾತುಗಳನ್ನು ಹೇಳಿದೆನು: ತಲೆಗೆ ಮೂರು ಬಾಟಲಿ ನೀರು, ಹೊತ್ತು ಏರುವ ಮೊದಲು ಗುಡ್ಡ ಏರುವುದು, ಹಿಂದೆ ಬಿದ್ದವಳು ಕೂಡಿಕೊಳ್ಳುವ ತನಕ ಯಾರೂ ಮುಂದೆ ಹೋಗದಿರುವುದು.

ಎರಡನೆಯ ದಿನ ಸಂಜೆಗೆ ಬರಬೇಕಾದವಳು ಮಧ್ಯಾಹ್ನಕ್ಕೇ ಬಂದಳು. ಬೆಳಿಗ್ಗೆ ಗೆಳತಿಯೊಬ್ಬಳ ಕಾಲು ಉಳುಕಿತಂತೆ. ಶಬರಿಕೊಳ್ಳವನ್ನು ಬಿಟ್ಟು, ಅವಳನ್ನು ನಡುವೆ ಹಿಡಿದುಕೊಂಡು ಎಲ್ಲರೂ ಹಿಂದಿರುಗಿದ್ದರು. “ಉಳಿದ ಇಬ್ಬರು ಹೋಗಿಬರಬಹುದಿತ್ತಲ್ಲ?” ಎಂದು ಬೇಕೆಂದೇ ಕೇಳಿದೆನು. “ಕೊಳ್ಳ ಎಲ್ಲಿ ಓಡಿ ಹೋಗತೈತಿ, ಅಪ್ಪಾ?” ಎಂದು ನಕ್ಕಳು. ಅವಳು ಹಿಮಾಲಯವನ್ನೇರಿ ಬಂದಿದ್ದರೂ ನನಗೆ ಅಷ್ಟು ಹಿಗ್ಗಾಗುತ್ತಿರಲಿಲ್ಲ.

ಮಕ್ಕಳನ್ನು ಬೆಟ್ಟಕ್ಕೆ ಕಳುಹಿಸಬೇಕೋ ಬೇಡವೋ ಎಂದು ಅನೇಕ ಮನೆಗಳಲ್ಲಿ ಇಂದು ಚರ್ಚೆ ನಡೆಯುತ್ತಿರಬಹುದು. ಕಳುಹಿಸಿರೆಂದೇ ನನ್ನ ವಿಜ್ಞಾಪನೆ. ಆದರೆ ನಿಮ್ಮ ಮನೆಯ ಹಿರಿಯರು ನಡೆದ ಹಾದಿಯ ಕಥೆಯನ್ನೂ, ನೀವು ಎಡವಿದ ಕಥೆಯನ್ನೂ ಬುತ್ತಿಯೊಡನೆ ಕಟ್ಟಿ ಕಳುಹಿಸಿರಿ.

ಅಂದು ಬಂಡೆಯ ನೆರಳಿನಲ್ಲಿ ಮಲಗಿದ್ದ ಹುಡುಗನು ಇಂದು ಕಿತ್ತೂರಿನಲ್ಲಿ ಸಂಸಾರವಂದಿಗನಾಗಿ ಸುಖವಾಗಿರುವನು. ಮುಂದಿನ ತಿಂಗಳು ಶಬರಿಕೊಳ್ಳಕ್ಕೆ ನಾವೂ ಬರುವೆವೆಂದು ಅವನು ಹೇಳಿ ಕಳುಹಿಸಿದ್ದಾನೆ. ಈ ಸಲ ಅವನು ಮುಂದೆ, ನಾನು ಹಿಂದೆ.